ಬೆಳ್ಳಿಯ ಕೆಳಗೆ

“ಗುರುಗಳೇ, ನನ್ನ ಜೊತೆಯವನ ಪ್ರವಚನವನ್ನು ಊರೆಲ್ಲ ಹೊಗಳುತ್ತದೆ. ಆ ಹೊಗಳಿಕೆ ಕಿವಿಗೆ ಬಿದ್ದ ದಿನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಈ ಹೊಟ್ಟೆಕಿಚ್ಚು ಆರುವುದು ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಬಹಳ ಹಿಂದೆ, ಪಾರಸಿ ಮಾತಿನ ಸೀಮೆಯ ಹೆರಾತ್ ಪಟ್ಟಣದಲ್ಲಿ, ಹಿತ್ತಾಳೆ ಪಾತ್ರೆಯಲ್ಲಿ ಗುಳಿ ಕೊರೆದು ಬೆಳ್ಳಿ ಕೂರಿಸುವ ಇಬ್ಬರಿದ್ದರು. ಒಬ್ಬ ಯೂನುಸ್, ಇನ್ನೊಬ್ಬ ಶೀರ್ಜಾದ್. ಅಂಗಡಿಗಳು ಅಕ್ಕಪಕ್ಕ. ಗಿರಾಕಿಗಳು ಮೊದಲು ಶೀರ್ಜಾದನ ಅಂಗಡಿ ಹತ್ತುತ್ತಿದ್ದರು. ಅಲ್ಲಿ ಬಿಡುವಿಲ್ಲ ಎಂದಾಗ ಮಾತ್ರ ಯೂನುಸನ ಕಡೆ ತಿರುಗುತ್ತಿದ್ದರು. ಪಕ್ಕದಲ್ಲಿ ಸುತ್ತಿಗೆ ಬಿದ್ದರೆ ಯೂನುಸನಿಗೆ ತನ್ನ ನೆತ್ತಿಯ ಮೇಲೇ ಬಿದ್ದಂತಾಗುತ್ತಿತ್ತು. ‘ಅವನದೆಲ್ಲ ನಾಲಿಗೆಯ ಕೆಲಸ, ಕೈಯದಲ್ಲ’ ಎಂದು ಹೆಂಡತಿಯ ಮುಂದೆ ಹೇಳುತ್ತಿದ್ದ. ಹೇಳಿದ ಮೇಲೂ ಸಮಾಧಾನವಾಗುತ್ತಿರಲಿಲ್ಲ.

ಒಮ್ಮೆ ಶೀರ್ಜಾದ್ ಪಟ್ಟಣದ ಅಧಿಪತಿಗಾಗಿ ಒಂದು ಹೂಜಿ ಮಾಡಿದ. ಅದರ ಸುತ್ತ ಬೇಟೆಯ ಚಿತ್ರ. ಕುದುರೆ, ನಾಯಿ, ಮೊಲ, ಎಲ್ಲವೂ ಬೆಳ್ಳಿ. ಕೆಲಸ ಮುಗಿದ ದಿನ ಅವನು ಯೂನುಸನಿಗೆ, “ಅಣ್ಣಾ, ಅಂಗಡಿಯ ಕಡೆ ಸ್ವಲ್ಪ ಕಣ್ಣಿರಲಿ. ಉಂಡು ಬರುತ್ತೇನೆ” ಎಂದು ಹೇಳಿ ಮನೆಗೆ ಹೋದ.

ಯೂನುಸ್ ಉಳಿ ಹಿಡಿದು ಹೂಜಿಯ ಮುಂದೆ ಕುಳಿತ. ಒಂದು ಬೆಳ್ಳಿ ಸಡಿಲವಾದರೆ ಸಾಕು, ಅಧಿಪತಿಯ ಎದುರೇ ಉದುರುತ್ತದೆ, ಶೀರ್ಜಾದನ ಹೆಸರೂ ಮಣ್ಣುಪಾಲಾಗುತ್ತದೆ ಎಂದುಕೊಂಡ. ಅವನು ಒಂದು ಮೊಲದ ಅಂಚಿಗೆ ಉಳಿಯ ಮೊನೆ ಕೊಟ್ಟು ಮೀಟಿದ. ಅದು ಸುಲಭಕ್ಕೆ ಬರಲಿಲ್ಲ. ಬೆವರಿಳಿಯುವವರೆಗೆ ಮೀಟಿದ ಮೇಲೆ ಇಡೀ ಮೊಲವೇ ಎದ್ದು ಬಂತು.

ಅದರ ಕೆಳಗಿನ ಗುಳಿಯನ್ನು ಯೂನುಸ್ ನೋಡಿದ. ಬೆಳ್ಳಿ ಕಚ್ಚಿ ನಿಲ್ಲಲೆಂದು ಶೀರ್ಜಾದ್ ಅಂಚನ್ನು ಒಳಮುಖವಾಗಿ ಕೊರೆದಿದ್ದ. ಯೂನುಸನಾಗಿದ್ದರೆ ನಾಲ್ಕು ಕಡೆ ಕೊರೆದು ಕೈಬಿಡುತ್ತಿದ್ದ. ಇಲ್ಲಿ ಮೊಲದ ಕಿವಿಯ ತುದಿಯವರೆಗೂ, ಕೂದಲೆಳೆಯೂ ತಪ್ಪದಂತೆ ಕೊರೆದಿದ್ದ. ಇನ್ನು ಯಾವ ಕಣ್ಣೂ ಕಾಣದ ಜಾಗ ಅದು. ಯೂನುಸ್ ಉಳಿಯನ್ನು ಕೆಳಗಿಟ್ಟ. ಬೆಳ್ಳಿಯನ್ನು ಮತ್ತೆ ಕೂರಿಸಲು ನೋಡಿದ, ಕೂರಲಿಲ್ಲ.

ಶೀರ್ಜಾದ್ ಬಂದಾಗ ಮೊಲ ಯೂನುಸನ ಅಂಗೈಯಲ್ಲೇ ಇತ್ತು.

“ನಾನೇ ಕಿತ್ತೆ. ನಿನ್ನ ಮಾನ ಕಳೆಯಬೇಕೆಂದು ಕಿತ್ತೆ” ಎಂದ ಯೂನುಸ್.

ಶೀರ್ಜಾದನ ಮುಖ ಕೆಂಪಾಯಿತು. ಹೂಜಿಯನ್ನು ಎಳೆದುಕೊಂಡು ತುಂಬ ಹೊತ್ತು ತಿರುಗಿಸಿ ನೋಡಿದ. ಆಮೇಲೆ ಕೇಳಿದ: “ಮೂವತ್ತು ವರ್ಷದಲ್ಲಿ ಬೆಳ್ಳಿಯ ಕೆಳಗೆ ನೋಡಿದವನು ನೀನೊಬ್ಬನೇ. ಹೇಳು, ಹೇಗಿತ್ತು?”

ಯೂನುಸ್ ಬಾಯಿ ತೆರೆದ. ‘ಚೆನ್ನಾಗಿತ್ತು’ ಎಂಬ ಒಂದು ಮಾತನ್ನು ಮೂರು ಸಲ ಶುರುಮಾಡಿ ಅರ್ಧಕ್ಕೇ ಬಿಟ್ಟ. ನಾಲ್ಕನೆಯ ಸಲ ಹೇಳಿದ. ಆ ಮಧ್ಯಾಹ್ನ ಇಬ್ಬರೂ ಸೇರಿ ಮೊಲವನ್ನು ಹೊಸದಾಗಿ ಕೂರಿಸಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ಅವನ ಹೊಟ್ಟೆಕಿಚ್ಚು ಆರಿತೇ?” ಎಂದ ಶಿಷ್ಯ.

“ಅದಿರಲಿ; ಹೊಗಳಿಕೆ ಕೇಳಿದೆ ಎಂದೆಯಲ್ಲ, ನಿನ್ನ ಜೊತೆಯವನ ಪ್ರವಚನವನ್ನು ಯಾವತ್ತು ಕೇಳಿದೆ?” ಎಂದರು ಗುರುಗಳು.