ದೂರದ ಮೂಲೆಯ ತಂಬೂರಿ

"ಗುರುಗಳೇ, ಜಪಕ್ಕೆ ಕೂತರೆ ನನ್ನ ಮನಸ್ಸು ತಣ್ಣಗಿರುತ್ತದೆ. ಎದ್ದು ಮನೆಮಂದಿಯ ನಡುವೆ ಬಂದರೆ ಮಗಳು ಮಾತು ನಿಲ್ಲಿಸಿ ಒಳಕೋಣೆಗೆ ಹೋಗುತ್ತಾಳೆ. ಅವಳಲ್ಲಿ ಭಕ್ತಿ ಸಾಲದೇ?" ಎಂದು ಅಡಿವೆಪ್ಪ ಎಂಬ ಶಿಷ್ಯ ಕೇಳಿದ.

ಗುರುಗಳು ಭಗವಂತನನ್ನು ನೆನೆದು ಈ ಕತೆ ಹೇಳಿದರು.

ಬಿಸಿಲ ನಾಡಿನಲ್ಲಿ ಒಬ್ಬ ಗಾಯಕನಿದ್ದ. ಅವನು ವಾದ್ಯಗಳನ್ನಿಡುತ್ತಿದ್ದ ಕೋಣೆಯ ದೂರದ ಮೂಲೆಯಲ್ಲಿ ಒಂದು ತಂಬೂರಿ ಇತ್ತು. ಅವನ ಗುರು ಕಣ್ಣು ಮುಚ್ಚುವ ಮುನ್ನ ಕೈಗೆ ಕೊಟ್ಟದ್ದು. ಒಂದು ಬೇಸಿಗೆಯಲ್ಲಿ ಒಣಗಾಳಿಗೆ ಅದರ ಬುರುಡೆ ಕೂದಲೆಳೆಯಷ್ಟು ಬಿರಿಯಿತು. ಬಿರುಕು ಬೆಳೆದರೆ ಆ ನಾದ ಮತ್ತೆ ಸಿಗುವಂಥದ್ದಲ್ಲ. ಗಾಯಕ ಹೆದರಿದ. ಗಾಳಿಗೆ ತೇವ ಕೊಡುವ ಯಂತ್ರ ತರಲು ಪೇಟೆಗೆ ಹೋದ.

ವ್ಯಾಪಾರಿ ಒಂದು ಹ್ಯುಮಿಡಿಫೈಯರ್ ತೋರಿಸಿದ. "ತೇವ ಕಡಿಮೆಯಾದರೆ ವಾದ್ಯ ಬಿರಿಯುತ್ತದೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ ಸ್ವಾಮಿ. ಇದು ತಾನೇ ಅಳೆದುಕೊಂಡು, ಸಾಕು ಅನ್ನಿಸಿದಾಗ ಹಸಿರು ದೀಪ ತೋರಿಸಿ ನಿಲ್ಲುತ್ತದೆ," ಎಂದ.

ಗಾಯಕ ಅದನ್ನು ತಂದು ಬಾಗಿಲ ಬಳಿ ಇಟ್ಟ. ಸ್ವಲ್ಪ ಹೊತ್ತಿಗೇ ಹಸಿರು ದೀಪ ಬಂತು. ಅವನು ದೇವರಿಗೆ ಕೈಮುಗಿದು ನಿಶ್ಚಿಂತನಾದ. ದಿನವೂ ದೀಪ ಬರುತ್ತಿತ್ತು. ದಿನವೂ ಬಿರುಕು ಬೆಳೆಯುತ್ತಿತ್ತು.

"ಯಂತ್ರ ಸರಿಯಾಗಿಯೇ ಇದೆ. ಈ ತಂಬೂರಿಗೇ ನನ್ನ ಹತ್ತಿರ ಉಳಿಯುವ ಮನಸ್ಸಿಲ್ಲ," ಎಂದು ಹೆಂಡತಿಯ ಮುಂದೆ ನೊಂದುಕೊಂಡ.

ಅವಳು ಯಂತ್ರದ ಮುಂದೆ ಕೈಯಾಡಿಸಿದಳು. ಆಮೇಲೆ ತಂಬೂರಿಯ ಪಕ್ಕ ಹೋಗಿ ನಿಂತಳು. ಅವಳಿಗೆ ನಗು ಬಂತು.

"ರೀ, ಇದು ಥೇಟ್ ನಿಮ್ಮ ಹಾಗೇ. ನಿಮ್ಮ ಊಟ ಮುಗಿದ ಕೂಡಲೇ ಪಾತ್ರೆ ಎತ್ತಿಡು ಅಂತೀರಲ್ಲ, ಬಡಿಸಿದವಳು ಉಂಡಳಾ ಅಂತ ಕೇಳ್ತೀರಾ? ಇದೂ ತನ್ನ ಮೂತಿ ಒದ್ದೆಯಾದರೆ ಕೋಣೆಯೆಲ್ಲ ತಂಪಾಯಿತು ಅಂದುಕೊಂಡಿದೆ. ಈ ಮೂಲೆಗೆ ಬಂದು ನಿಂತು ನೋಡಿ, ತುಟಿ ಒಣಗುತ್ತೆ!"

ಗಾಯಕ ಬಂದು ನಿಂತ. ನಾಚಿದ. ಯಂತ್ರವನ್ನು ಹೊತ್ತು ಮತ್ತೆ ಅಂಗಡಿಗೆ ಹೋಗಿ, ತೇವ ಅಳೆಯುವ ಬಿಲ್ಲೆಯನ್ನು ಬೇಕಾದ ಕಡೆ ಬೇರೆಯಾಗಿ ಇಡಬಹುದಾದ ಇನ್ನೊಂದು ಯಂತ್ರ ಆರಿಸಿಕೊಂಡ. ಯಂತ್ರವನ್ನು ಕೋಣೆಯ ನಡುವೆ ಇಟ್ಟ, ಬಿಲ್ಲೆಯನ್ನು ತಂಬೂರಿಯ ಮಗ್ಗುಲಲ್ಲಿ ಇಟ್ಟ. ಈ ಸಲ ಯಂತ್ರ ಬೇಗ ನಿಲ್ಲಲಿಲ್ಲ. ಆ ಮೂಲೆಗೆ ತಂಪು ಮುಟ್ಟುವವರೆಗೂ ದುಡಿಯುತ್ತಲೇ ಇತ್ತು.

ದೇವರ ದಯೆ, ಬಿರುಕು ಅಲ್ಲಿಗೇ ನಿಂತಿತು. ಅದನ್ನು ಬೆಸೆಯಿಸಿ, ತಂತಿ ಬಿಗಿದು ಮೀಟಿದಾಗ ಗುರುವಿನ ಕಾಲದ ನಾದವೇ ಬಂತು. ಗಾಯಕ ಕಣ್ಣೊರೆಸಿಕೊಂಡ.

ಗುರುಗಳು ಕತೆ ಮುಗಿಸಿದರು. ಅಡಿವೆಪ್ಪ ಮೆಲ್ಲಗೆ, "ಹಾಗಾದರೆ ಮೊದಲ ಯಂತ್ರ ಸುಳ್ಳು ಹೇಳಿತೇ, ಗುರುಗಳೇ?" ಎಂದ.

"ಇಲ್ಲಪ್ಪಾ, ಅದೂ ಸುಳ್ಳಲ್ಲ, ನಿನ್ನ ಜಪವೂ ಸುಳ್ಳಲ್ಲ, ಎಷ್ಟು ಫಲಿಸಿದೆ ಎಂಬುದನ್ನು ಮಾತ್ರ ಇನ್ನು ಮಗಳ ಪಕ್ಕ ಕೂತು ನೋಡು."