ಹೊಳೆಯುವ ಪೈಪು

ಸಂಡೂರಿನ ಗುಡ್ಡ ಹತ್ತಿಸಲೆಂದು ಗುತ್ತಿಗೆದಾರ ಚನ್ನವೀರಪ್ಪನವರು ಹೊಸ ಜೀಪು ತಂದರು. ಅದರ ಬಾಗಿಲ ಕೆಳಗೆ ಕೂಡಿಸಲು ಕನ್ನಡಿಯಂತೆ ಹೊಳೆಯುವ ಎರಡು ಪೈಪನ್ನೂ ತಂದು, ವೆಲ್ಡರ್ ಮಾಬುಸಾಬನ ಗ್ಯಾರೇಜಿಗೆ ಬಂದರು.

"ಬಂಡೆ ಬಡದ್ರ ಗಾಡಿ ಉಳಿಸೋದು ಇವೇ. ಗಾಡಿ ತಳದ ಚಾಸಿ ಚೌಕಟ್ಟಿಗೆ ಬೆಸೆಯೋ ನಿನ್ನ ಕರಿ ಪೈಪು ಬ್ಯಾಡ. ಇವನ್ನ ಕೂಡಿಸು, ಇಲ್ಲಾಂದ್ರ ನನ್ನ ಆರೂ ಲಾರಿ ಬ್ಯಾರೆ ಗ್ಯಾರೇಜಿಗೆ ಹೋಗ್ತಾವ."

ಮಾಬುಸಾಬ ಪೈಪನ್ನು ಬೆರಳಿಂದ ತಟ್ಟಿ ನೋಡಿದ. ಕಾಲಿಟ್ಟು ಹತ್ತಲು ಮಾಡಿದ ತೆಳು ಮೆಟ್ಟಿಲು ಅದು, ಗಾಡಿಯ ಭಾರ ತಡೆಯುವಂಥದ್ದಲ್ಲ. ವಾದ ಮಾಡದೆ ಕೂಡಿಸಿದ. ಆಮೇಲೆ ಅದರ ಕೆಳಗೆ ಜಾಕ್ ಇಟ್ಟು, ಪಕ್ಕದಲ್ಲಿ ಗೋಣಿಚೀಲ ಹಾಸಿದ.

"ನಮ್ಮಲ್ಲಿ ಒಂದು ಪದ್ಧತಿ ಐತ್ರಿ. ಗಾಡಿನ ಈ ಪೈಪಿನ ಮ್ಯಾಲೇ ಎತ್ತತೀವಿ. ಪೈಪು ಆರಿಸಿದವರು ಕೆಳಗ ಮಲಗಿ ಇಂಜಿನ್ ತಳದ ತಗಡಿನ ಬೋಲ್ಟು ಬಿಗೀತಾರ. ನನ್ನ ಪೈಪಾದ್ರ ನಾನು ಮಲಗ್ತೀನಿ. ಇವು ನೀವು ಆರಿಸಿದ್ದು."

ಸ್ಪ್ಯಾನರ್ ಮುಂದೆ ಹಿಡಿದ.

ಚನ್ನವೀರಪ್ಪನವರು ಜಾಕ್ ನೋಡಿದರು, ಗೋಣಿಚೀಲ ನೋಡಿದರು, ತಮ್ಮ ಹೊಟ್ಟೆಯನ್ನೂ ನೋಡಿಕೊಂಡರು.

"ನಿನ್ನ ಕರಿ ಪೈಪು ಯಾವಾಗ ಆಗ್ತಾವ?"

"ನಿನ್ನೇನ ಮಾಡಿಟ್ಟೀನ್ರಿ. ಚಾಸಿಗೆ ಬೆಸೆಯೋದಷ್ಟ ಬಾಕಿ."

ಸಂಜೆ ಜೀಪು ಕರಿ ಪೈಪಿನ ಮೇಲೆ ಎದ್ದಿತು. ಮಾಬುಸಾಬ ಅದೇ ಗೋಣಿಚೀಲದ ಮೇಲೆ ಮಲಗಿ ಬೋಲ್ಟು ಬಿಗಿದ.

ಹೊಳೆಯುವ ಪೈಪುಗಳು ಈಗ ಚನ್ನವೀರಪ್ಪನವರ ಬಚ್ಚಲುಮನೆಯಲ್ಲಿ ಟವೆಲ್ಲು ಹೊರುತ್ತಿವೆ. ಇನ್ನೂ ಬಾಗಿಲ್ಲ.