ಸೇವಂತಿಗೆ ತೋಟದ ಬಲ್ಬುಗಳು

“ಗುರುಗಳೇ, ಹತ್ತು ಗಂಟೆಗೇ ಹಾಸಿಗೆ ಸೇರುತ್ತೇನೆ. ಆದರೂ ಬೆಳಗ್ಗೆ ಏಳುವಾಗ ಮಲಗಿಯೇ ಇರಲಿಲ್ಲವೇನೋ ಅನ್ನಿಸುತ್ತದೆ. ಪಾಠದ ಹೊತ್ತಿನಲ್ಲಿ ತೂಕಡಿಸುತ್ತೇನೆ. ನನಗೆ ನಿದ್ದೆ ಯಾಕೆ ಬರುವುದಿಲ್ಲ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಹೂವಿನ ಬೆಳೆಗಾರನಿದ್ದ. ಸೇವಂತಿಗೆ ಬೆಳೆಯುತ್ತಿದ್ದ. ಗಿಡ ಎತ್ತರಕ್ಕೆ ಬರುವ ಮೊದಲೇ ಮೊಗ್ಗು ಕಟ್ಟಿದರೆ ಹೂವು ಸಣ್ಣದಾಗುತ್ತದೆ. ರಾತ್ರಿ ಬೆಳಕಿದ್ದರೆ ಸೇವಂತಿಗೆ ಮೊಗ್ಗು ಕಟ್ಟುವುದಿಲ್ಲ. ಅದಕ್ಕೆ ತೋಟದ ತುಂಬ ಬಲ್ಬು ತೂಗುಹಾಕಿ ರಾತ್ರಿ ಉರಿಸುತ್ತಿದ್ದ. ಯಾವತ್ತು ಆರಿಸಿದರೆ ಯಾವತ್ತು ಹೂವು ಬರುತ್ತದೆಂದು ಕರಾರುವಾಕ್ಕಾಗಿ ಹೇಳುತ್ತಿದ್ದ. ಸುತ್ತಲಿನ ಬೆಳೆಗಾರರು ಅವನನ್ನು ಕೇಳಿಯೇ ಬಲ್ಬು ಹಾಕುತ್ತಿದ್ದರು.

ಆ ಬೆಳೆಗಾರನಿಗೆ ನಿದ್ದೆ ಇರಲಿಲ್ಲ. ಹಾಸಿಗೆಯಲ್ಲಿ ಫೋನು ಹಿಡಿಯುತ್ತಿದ್ದ. ಯಾರದೋ ಮದುವೆ, ಯಾವುದೋ ಊರಿನ ನೆರೆ, ಗುರುತಿಲ್ಲದವರ ಜಗಳ ನೋಡುತ್ತಿದ್ದ. ಫೋನು ಕೆಳಗಿಟ್ಟ ಮೇಲೂ ಎಚ್ಚರವಾಗಿಯೇ ಇರುತ್ತಿದ್ದ. ಡಾಕ್ಟರು ಊಟದ ವಿಷಯ ಕೇಳಿದರು, ಚಿಂತೆಯ ವಿಷಯ ಕೇಳಿದರು. ಎಲ್ಲಕ್ಕೂ ನಿಜವನ್ನೇ ಹೇಳಿದ. ಫೋನಿನ ಮಾತು ಅವನಿಗೆ ಹೊಳೆಯಲಿಲ್ಲ.

ಒಂದು ಬೆಳಗ್ಗೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೆಂಪೊದಲ್ಲಿ ಮಾರುಕಟ್ಟೆಗೆ ಹೂವು ಒಯ್ಯುತ್ತಿದ್ದ. ನೇರ ರಸ್ತೆ. ಎದುರಿಗೆ ಯಾರೂ ಇರಲಿಲ್ಲ. ಅವನಿಗೆ ಕಣ್ಣು ಹತ್ತಿತು. ಟೆಂಪೊ ರಸ್ತೆ ಬಿಟ್ಟು ಹಳ್ಳಕ್ಕೆ ಇಳಿಯಿತು. ಅವನಿಗೆ ಏನೂ ಆಗಲಿಲ್ಲ. ಹೆಂಡತಿಯ ಬಲಗೈ ಮುರಿಯಿತು.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಹೆಂಡತಿ ತೋಟದ ಬದುವಿನ ಮೇಲೆ ಕೂತಿದ್ದಳು. ಕೈಗೆ ಪ್ಲಾಸ್ಟರು ಇತ್ತು. ಬಲ್ಬಿನ ತಂತಿ ಸರಿಮಾಡುತ್ತಿದ್ದ ಗಂಡನನ್ನು, ಇಷ್ಟು ವರ್ಷ ಕೇಳದಿದ್ದ ಮಾತೊಂದನ್ನು ಕೇಳಿದಳು.

“ಇವು ರಾತ್ರಿಯಿಡೀ ಉರಿಯಬೇಕೇ?”

“ಬೇಡ. ನಡುರಾತ್ರಿ ಮೂರು ನಾಲ್ಕು ಗಂಟೆ ಹೊತ್ತು ಉರಿದರೆ ಸಾಕು. ರಾತ್ರಿಯಾದದ್ದು ಗಿಡಕ್ಕೆ ತಿಳಿಯುವುದೇ ಇಲ್ಲ.”

“ನಿಮ್ಮ ಫೋನೂ ಅಷ್ಟೇ ಹೊತ್ತು ಉರಿಯುತ್ತದೆ,” ಎಂದಳು.



ಆವತ್ತಿನಿಂದ ಅವನು ಕತ್ತಲಾದ ಕೂಡಲೇ ಫೋನನ್ನು ಪಂಪ್‌ಮನೆಯಲ್ಲಿಟ್ಟು ಬೀಗ ಹಾಕಿ ಬರತೊಡಗಿದ. ಮೊದಲ ವಾರ ಕೈ ತಾನಾಗಿ ದಿಂಬಿನಡಿ ತಡಕಾಡಿತು. ಎರಡು ಸಲ ಎದ್ದು ಪಂಪ್‌ಮನೆಯವರೆಗೂ ಹೋದ. ಒಂದು ಸಲ ಬೀಗವನ್ನೂ ತೆಗೆದ. ಮೂರನೆಯ ವಾರದ ಒಂದು ಬೆಳಗ್ಗೆ ಹೆಂಡತಿ ಅವನ ಭುಜ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಅವಳ ಮೂಳೆ ಕೂಡಿಕೊಂಡಿತು. ಕೈ ಮಾತ್ರ ನೆಟ್ಟಗಾಗಲಿಲ್ಲ. ಆಮೇಲೆ ಅವಳು ಎಡಗೈಯಲ್ಲೇ ಹೂವು ಬಿಡಿಸುತ್ತಿದ್ದಳು. ಪಕ್ಕದ ಸಾಲಿನಲ್ಲಿ ಹೂವು ಬಿಡಿಸುತ್ತಿದ್ದ ಅವನಿಗೆ ಅದು ದಿನವೂ ಕಾಣುತ್ತಿತ್ತು.

ಗುರು ಕತೆ ನಿಲ್ಲಿಸಿದರು.

“ರಾತ್ರಿಯ ಬೆಳಕು ನಿದ್ದೆ ಕೆಡಿಸುತ್ತದೆ ಎಂಬುದು ನನಗೆ ಮೊದಲೇ ಗೊತ್ತಿತ್ತಲ್ಲ, ಗುರುಗಳೇ?” ಎಂದ ಶಿಷ್ಯ.

ಗುರು ಹೇಳಿದರು: “ಬೆಳಕಿನ ವಿಷಯ ಅವನಿಗೆ ನಿನಗಿಂತ ಚೆನ್ನಾಗಿ ಗೊತ್ತಿತ್ತು.”